ಹೊಸ ಮೀನು ಸತ್ತರೆ ಸಾಕಿದವರೇ ಅಪರಾಧಿಗಳೇ?

ನಮ್ಮ ಬೇವೂರಿನಿಂದ ಕಾರವಾರದ ಕಡಲು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಬಾಗಲಕೋಟೆ, ಇಳಕಲ್ ಕಡೆಯ ಕೆಲವು ಮನೆಗಳ ಪಡಸಾಲೆಗೆ ಸಮುದ್ರ ಬಂದು ಕೂತಿದೆ. ಗಾಜಿನ ತೊಟ್ಟಿ, ನೀಲಿ ದೀಪ, ಒಳಗೆ ಕಿತ್ತಳೆ-ಬಿಳಿ ಪಟ್ಟೆಯ ಕ್ಲೌನ್ ಫಿಶ್. ಸಿಹಿನೀರಿನ ಗೋಲ್ಡ್ ಫಿಶ್ ಸಾಕಿದ ಕೈಗಳೇ ಈಗ ಉಪ್ಪುನೀರಿಗೆ ಇಳಿದಿವೆ. ಮೀನು ತಂದು ಮೂರು ದಿನಕ್ಕೋ ಮೂರು ವಾರಕ್ಕೋ ಅದು ಹೊಟ್ಟೆ ಮೇಲಾಗಿ ತೇಲುತ್ತದೆ. ಅಂಗಡಿಯವರ ಉತ್ತರ ಸಿದ್ಧವಿರುತ್ತದೆ: "ನಿಮ್ಮ ನೀರು ಸರಿ ಇಲ್ರಿ." ಮನೆಯ ಹಿರಿಯರದು ಇನ್ನೊಂದು: "ನಿಮಗ ಕೈಗುಣ ಇಲ್ಲ." ಎರಡೂ ಉತ್ತರಗಳ ನಂತರ ನಡೆಯುವುದು ಒಂದೇ, ಇನ್ನೊಂದು ಮೀನಿನ ಖರೀದಿ.

ಇದು ಹವ್ಯಾಸಿಗಳ ಸಣ್ಣ ಸಂಕಟ ಅನ್ನಿಸಬಹುದು. ಆದರೆ ಉಪ್ಪುನೀರಿನ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಜಾತಿಗಳನ್ನು ಇವತ್ತಿಗೂ ಹವಳದ ದಿಬ್ಬಗಳಿಂದಲೇ ಹಿಡಿದು ತರುತ್ತಾರೆ. ಇಲ್ಲಿ ಸತ್ತ ಪ್ರತಿ ಮೀನಿನ ಜಾಗಕ್ಕೆ ಅಲ್ಲಿಂದ ಇನ್ನೊಂದು ಬರಬೇಕು. ಹಾಗಾಗಿ "ಯಾಕೆ ಸತ್ತಿತು?" ಅನ್ನುವುದು ಬರೀ ಮನೆಯೊಳಗಿನ ಪ್ರಶ್ನೆಯಲ್ಲ.

ಸಾವಿನ ಸಮಯವೇ ಮೊದಲ ಸುಳಿವು

ಕಳೆದ ಬೇಸಿಗೆಯಲ್ಲಿ ಪರಿಚಯದ ಮೇಷ್ಟ್ರೊಬ್ಬರು ನನ್ನನ್ನು ಕರೆಸಿ ತಮ್ಮ 200 ಲೀಟರ್ ತೊಟ್ಟಿ ತೋರಿಸಿದರು. ಅವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: "ಹಳೇವು ಎರಡೂ ಆರಾಮ ಅದಾವ. ಹೊಸಾವಷ್ಟ ಸಾಯಾಕತ್ತಾವ. ನೀರ ಕೆಟ್ಟಿದ್ರ ಹಳೇವೂ ಸಾಯಬೇಕಿತ್ತಲ್ರಿ?"

ಉತ್ತರ ಉಪ್ಪಿನ ಲೆಕ್ಕದಲ್ಲಿತ್ತು. ಸಮುದ್ರದ ನೀರಿನಲ್ಲಿ ಪ್ರತಿ ಕಿಲೋಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಅಂಥ ತೊಟ್ಟಿಯಿಂದ ದಿನಕ್ಕೆ ಎರಡು ಲೀಟರ್ ನೀರು ಆವಿಯಾದರೂ ಹತ್ತು ದಿನಕ್ಕೆ 20 ಲೀಟರ್. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 35 ಇದ್ದದ್ದು 39ರ ಹತ್ತಿರ ಹೋಗುತ್ತದೆ. ಹಳೆಯ ಮೀನುಗಳು ದಿನದಿನಕ್ಕೆ ಅದಕ್ಕೆ ಒಗ್ಗಿಕೊಂಡಿರುತ್ತವೆ. ಇತ್ತ ಎಷ್ಟೋ ಅಂಗಡಿಗಳು ಪರೋಪಜೀವಿಗಳ ಕಾಟ ತಗ್ಗಿಸಲು, ಉಪ್ಪಿನ ಖರ್ಚು ಉಳಿಸಲು ಲವಣಾಂಶವನ್ನು 26-27ಕ್ಕೆ ಇಳಿಸಿ ಇಟ್ಟಿರುತ್ತವೆ. ಅಲ್ಲಿಂದ ಬಂದ ಮೀನನ್ನು ಅರ್ಧ ಗಂಟೆಯಲ್ಲಿ 39ಕ್ಕೆ ಬಿಟ್ಟರೆ ಅದರ ಮೈಯೊಳಗಿನ ನೀರನ್ನು ಹೊರಗಿನ ಉಪ್ಪು ಎಳೆದುಬಿಡುತ್ತದೆ. ಮೀನು ಒಳಗಿನಿಂದ ಒಣಗುತ್ತದೆ. ಕಡಿಮೆ ಉಪ್ಪಿಗೆ ಇಳಿಯುವುದಕ್ಕಿಂತ ಹೆಚ್ಚಿನ ಉಪ್ಪಿಗೆ ಏರುವುದು ಮೀನಿಗೆ ಬಲು ಕಷ್ಟ. ಆವಿಯಾದಷ್ಟು ಸಿಹಿನೀರನ್ನು ದಿನಾ ತುಂಬಿ, ಅಂಗಡಿಯ ನೀರನ್ನೂ ಮನೆಯ ನೀರನ್ನೂ ರಿಫ್ರ್ಯಾಕ್ಟೋಮೀಟರಿನಲ್ಲಿ ಅಳೆದರೆ ಈ ಸಾವು ತಪ್ಪುತ್ತದೆ.

ಕೆಲವೇ ಗಂಟೆಗಳಲ್ಲಿ ಸತ್ತರೆ ಇನ್ನೊಂದು ಅನುಮಾನ ಮೀನು ಬಂದ ಪ್ಲಾಸ್ಟಿಕ್ ಚೀಲದ ಮೇಲೆ. ದೂರದ ಪ್ರಯಾಣದಲ್ಲಿ ಮೀನಿನ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ತುಂಬಿ ಚೀಲದ ನೀರು ಆಮ್ಲೀಯವಾಗುತ್ತದೆ. ಮೀನು ಹೊರಹಾಕಿದ ಅಮೋನಿಯಾ ಆ ನೀರಿನಲ್ಲಿ ಹೆಚ್ಚು ಅಪಾಯವಿಲ್ಲದ ರೂಪದಲ್ಲಿ ಇರುತ್ತದೆ. ಚೀಲ ಬಿಚ್ಚಿದ ಕೂಡಲೇ ಗಾಳಿ ಹೊರಹೋಗಿ ಆಮ್ಲೀಯತೆ ಇಳಿಯುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಹನಿಹನಿಯಾಗಿ ನೀರು ಬೆರೆಸುತ್ತಾ ಎರಡು-ಮೂರು ಗಂಟೆ ಅದೇ ಚೀಲದಲ್ಲಿ ಇಡುವ ಪದ್ಧತಿ ಹತ್ತಿರದ ಅಂಗಡಿಯಿಂದ ತಂದ ಮೀನಿಗೆ ಆದೀತು. ಒಂದು ದಿನ ಪ್ರಯಾಣ ಮಾಡಿ ಬಂದ ಮೀನಿಗೆ ಅದೇ ಕುತ್ತಾಗಬಹುದು. ಚೀಲದ ಲವಣಾಂಶಕ್ಕೆ ಸರಿಹೊಂದಿಸಿದ ಬೇರೆ ತೊಟ್ಟಿಯನ್ನು ಮೊದಲೇ ತಯಾರಿಟ್ಟು, ಮೀನನ್ನು ನೇರ ಅಲ್ಲಿಗೆ ಬಿಡುವುದು ಒಳ್ಳೆಯದು.

ಒಂದೆರಡು ವಾರದಲ್ಲಿ ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಕಂಡು ಸತ್ತರೆ ಅದು ಕ್ರಿಪ್ಟೊಕಾರಿಯಾನ್ ಎಂಬ ಪರೋಪಜೀವಿ ಇರಬಹುದು. ಹಿಂದೊಮ್ಮೆ ರೋಗ ಬಂದು ಬದುಕಿದ ಹಳೆಯ ಮೀನುಗಳಿಗೆ ಒಂದಿಷ್ಟು ನಿರೋಧಕ ಶಕ್ತಿ ಇರುತ್ತದೆ. ಹೊಸತಕ್ಕೆ ಇರುವುದಿಲ್ಲ. ಮೇಷ್ಟ್ರ ಪ್ರಶ್ನೆಗೆ ಇದು ಎರಡನೇ ಉತ್ತರ. ಹೊಸ ಮೀನನ್ನು ಕನಿಷ್ಠ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇಡುವುದಕ್ಕೆ ಬದಲಿ ಮದ್ದಿಲ್ಲ.

ನೀರಿಗೂ ಉಪ್ಪಿಗೂ ಊರಿನ ಗುಣ

ನಮ್ಮ ಭಾಗದ ಬೋರ್‌ವೆಲ್ ನೀರು ಗಡಸು. ಹಾಗಾಗಿ ಹವ್ಯಾಸಿಗಳು ನಾಣ್ಯ ಹಾಕಿ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕಕ್ಕೆ ಹೋಗುತ್ತಾರೆ. ಲೆಕ್ಕ ಸರಿಯೇ. ಆದರೆ ಮೆಂಬ್ರೇನ್ ಬದಲಿಸದ ಘಟಕದ ನೀರಿನಲ್ಲಿ ನೈಟ್ರೇಟ್ ಹಾಗೇ ಉಳಿದಿರಬಹುದು. ಟಿಡಿಎಸ್ ಮೀಟರ್ ಹಿಡಿದು ನೋಡದೆ ನಂಬಬಾರದು.

ಇನ್ನು ಕೆಲವರು ಗೋಕರ್ಣದ ಸಾಣಿಕಟ್ಟಾದಂಥ ಕಡೆಯ ಹರಳುಪ್ಪು ಕರಗಿಸಿದರೆ ಸಮುದ್ರವೇ ಆಯಿತು ಎಂದುಕೊಳ್ಳುತ್ತಾರೆ. ಆಗುವುದಿಲ್ಲ. ಗದ್ದೆಯಲ್ಲಿ ಸಮುದ್ರದ ನೀರು ಇಂಗುವಾಗ ಕ್ಯಾಲ್ಸಿಯಂ ಬಹುಪಾಲು ಜಿಪ್ಸಂ ಆಗಿ ಮೊದಲೇ ಕೆಳಗೆ ಕೂರುತ್ತದೆ. ಮೆಗ್ನೀಸಿಯಂ ಕೊನೆಗೆ ಉಳಿಯುವ ಕಹಿನೀರಿನ ಜೊತೆ ಹೊರಗೆ ಹೋಗುತ್ತದೆ. ನಡುವೆ ಸಿಗುವುದು ಅಡುಗೆಯ ಉಪ್ಪು. ಅದನ್ನು ಮತ್ತೆ ಕರಗಿಸಿದರೆ ಉಪ್ಪುನೀರು ಬರುತ್ತದೆ, ಕಡಲ ನೀರು ಬರುವುದಿಲ್ಲ. ಅಕ್ವೇರಿಯಂಗೆಂದೇ ಮಾಡಿದ ಲವಣ ಮಿಶ್ರಣ ದುಬಾರಿ ಅನ್ನುವುದು ನಿಜ, ಆದರೆ ಬೇರೆ ದಾರಿ ಇಲ್ಲ.

ಬಿಸಿಲೂ ಕರೆಂಟೂ ಸೇರಿಕೊಳ್ಳುತ್ತವೆ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಆಮ್ಲಜನಕ ಹಿಡಿಯುತ್ತದೆ, ಬಿಸಿಯಾದರೆ ಇನ್ನೂ ಕಡಿಮೆ. ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತರೆ, ಮೊದಲೇ ದಣಿದ ಹೊಸ ಮೀನು ಮೊದಲು ಹೋಗುತ್ತದೆ. ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿರಲೇಬೇಕು.

ಕಾಯಲು ಯಾರೂ ಹೇಳುವುದಿಲ್ಲ

ಹೊಸ ತೊಟ್ಟಿಯಲ್ಲಿ ಮೀನಿನ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ವಿದೇಶದ ಪುಸ್ತಕ, ವಿಡಿಯೊಗಳು 'ಲೈವ್ ರಾಕ್' ಹಾಕಿ ಎನ್ನುತ್ತವೆ. ಅದು ಬ್ಯಾಕ್ಟೀರಿಯಾ ತುಂಬಿದ ಹವಳದ ಕಲ್ಲು. ನಮ್ಮಲ್ಲಿ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಆ ರಕ್ಷಣೆ ಇರಲೇಬೇಕು. ಅಂದರೆ ಕಾನೂನಿನಂತೆ ನಡೆಯುವವರು ಸೆರಾಮಿಕ್ ಅಥವಾ ಒಣ ಕಲ್ಲಿನಿಂದಲೇ ಶುರು ಮಾಡಬೇಕು, ಹೆಚ್ಚು ದಿನ ಕಾಯಬೇಕು. ಆದರೆ ತೊಟ್ಟಿ ಮಾರಿದ ವಾರದಲ್ಲೇ ಮೀನನ್ನೂ ಮಾರುವ ಅಂಗಡಿಯವರು ಈ ಮಾತು ಎತ್ತುವುದು ಕಡಿಮೆ.

ಎತ್ತಿದರೆ ಅವರಿಗೇ ನಷ್ಟ. ಈ ವ್ಯಾಪಾರದಲ್ಲಿ ಸತ್ತ ಮೀನು ಅಂದರೆ ಇನ್ನೊಂದು ಮಾರಾಟ. ಸಾವಿನ ಹೊಣೆ ಕೊನೆಯ ಕೊಳ್ಳುಗರ ಮೇಲೆ ಬೀಳುವವರೆಗೆ ಹಿಡಿದವರಿಗೆ, ಸಾಗಿಸಿದವರಿಗೆ, ಮಾರಿದವರಿಗೆ ಬದಲಾಗುವ ಒತ್ತಡವೇ ಇಲ್ಲ. ಆಗ್ನೇಯ ಏಷ್ಯಾದ ಕೆಲವೆಡೆ ದಿಬ್ಬದ ಸಂದಿಗಳಿಗೆ ಸಯನೈಡ್ ಸಿಂಪಡಿಸಿ ಮೀನನ್ನು ಮಂಕಾಗಿಸಿ ಹಿಡಿಯುವ ಪದ್ಧತಿ 1960ರ ದಶಕದಿಂದಲೂ ಇದೆ. ಹಾಗೆ ಹಿಡಿದ ಮೀನು ಹೊರಗಿನಿಂದ ಚೆಂದವಾಗಿಯೇ ಕಾಣುತ್ತದೆ, ಎಷ್ಟೋ ದಿನಗಳ ಮೇಲೆ ಸಾಯಬಹುದು. ಮನೆಯ ನೀರನ್ನು ಎಷ್ಟು ಪರೀಕ್ಷಿಸಿದರೂ ಆ ಕಾರಣ ಸಿಗುವುದಿಲ್ಲ.

ಸರ್ಕಾರ ಎಲ್ಲಿದೆ?

2017ರ ಮೇನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಕ್ವೇರಿಯಂ ಅಂಗಡಿಗಳಿಗೆ ನಿಯಮ ತಂದಿತ್ತು. ಆದರೆ ಅದರಲ್ಲಿ 158 ಜಾತಿಗಳನ್ನು ಒಟ್ಟಿಗೇ ನಿಷೇಧದ ಪಟ್ಟಿಗೆ ಸೇರಿಸಿತು. ಉದ್ಯಮ ಗದ್ದಲ ಎಬ್ಬಿಸಿತು, ಸರ್ಕಾರ ಹಿಂತೆಗೆದುಕೊಂಡಿತು. ಅತಿಯಾದ ನಿಷೇಧದ ಜೊತೆಗೆ ಬೇಕಾಗಿದ್ದ ನಿಯಮಗಳೂ ಹೋದವು. 2020ರಲ್ಲಿ ಬಂದ 20,050 ಕೋಟಿ ರೂಪಾಯಿಯ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಅಲಂಕಾರಿಕ ಮೀನು ಘಟಕಗಳಿಗೆ ಸಹಾಯಧನ ಇದೆ. ಬೆಳೆಸಲು ಹಣ ಇಟ್ಟವರು ಮಾರುವವರ ಶಿಸ್ತಿನ ಬಗ್ಗೆಯೂ ಅಷ್ಟೇ ಯೋಚಿಸಬೇಕಿತ್ತು.

ದಾರಿ ಇಲ್ಲದಿಲ್ಲ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮತ್ತು ಡ್ಯಾಮ್ಸೆಲ್ ಜಾತಿಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸಿದ್ದಾರೆ. ತೊಟ್ಟಿಯಲ್ಲಿ ಹುಟ್ಟಿದ ಮೀನು ಒಣ ಆಹಾರ ತಿನ್ನುತ್ತದೆ, ಗಾಜಿನ ಗೋಡೆಗೆ ಹೆದರುವುದಿಲ್ಲ, ದಿಬ್ಬವನ್ನು ಬರಿದು ಮಾಡುವುದಿಲ್ಲ. ಆದರೆ ಅಂಗಡಿಯ ಗಾಜಿನ ಮೇಲೆ ಇದು ಸಾಕಿದ್ದೋ ಹಿಡಿದದ್ದೋ ಎಂದು ಬರೆದಿರುವುದನ್ನು ನಾನಂತೂ ನೋಡಿಲ್ಲ.

ಹೊಸ ನಿಯಮ ದೊಡ್ಡದಾಗಿರಬೇಕಿಲ್ಲ. ಬಿಲ್ಲಿನಲ್ಲಿ ಮೂರು ಸಾಲು ಸಾಕು: ಮೀನು ಸಾಕಿದ್ದೋ ಕಡಲಿನದೋ, ಅಂಗಡಿಗೆ ಬಂದ ತಾರೀಖು, ಅಂಗಡಿಯ ತೊಟ್ಟಿಯ ಲವಣಾಂಶ. ಅಷ್ಟಿದ್ದರೆ ಮೀನು ಸತ್ತಾಗ ಕಾರಣ ಹುಡುಕಲು ಒಂದು ದಾಖಲೆ ಇರುತ್ತದೆ. ಸರ್ಕಾರ ಅದನ್ನು ಕಡ್ಡಾಯ ಮಾಡುವವರೆಗೆ ಕೊಳ್ಳುವವರೇ ಕೇಳಬೇಕು. ಆ ಮೀನು ಅಂಗಡಿಗೆ ಬಂದು ಎರಡು ವಾರವಾದರೂ ಆಗಿರಬೇಕು, ನಮ್ಮ ಕಣ್ಣೆದುರು ಆಹಾರ ತಿಂದು ತೋರಿಸಬೇಕು. ಇಷ್ಟಕ್ಕೂ ಅಂಗಡಿಯವರು ಒಪ್ಪದಿದ್ದರೆ ಆ ಮೀನನ್ನು ಅಲ್ಲೇ ಬಿಟ್ಟು ಬನ್ನಿ.