ಇಂಚು–ಸೆಂಟ್ಸ್ ಲೆಕ್ಕಕ್ಕೊಂದು ಅಯಸ್ಕಾಂತ

ಸಕಲೇಶಪುರದ ಹೆತ್ತೂರು ಕಡೆಯಿರಲಿ, ಆಲೂರಿನ ಕೆಂಚಮ್ಮನ ಹೊಸಕೋಟೆ ಕಡೆಯಿರಲಿ, ಮಳೆಗಾಲದಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಮೊದಲ ಮಾತು ‘ನಿಮ್ಮಲ್ಲಿ ಎಷ್ಟಾಯ್ತು?’ ಎಂಬುದೇ. ಉತ್ತರ ಬರುವುದು ಇಂಚು, ಸೆಂಟ್ಸ್‌ನಲ್ಲಿ (ಇಂಚಿನ ನೂರನೇ ಒಂದು ಭಾಗವೇ ಒಂದು ಸೆಂಟ್). ಮಿಲಿಮೀಟರ್ ಏನಿದ್ದರೂ ಸರ್ಕಾರಿ ಕಡತಕ್ಕೆ.

ತೋಟದ ಮಳೆಮಾಪಕದ ನೀರನ್ನು ದಿನಾ ಬೆಳಿಗ್ಗೆ ಅಳೆದು ಪುಸ್ತಕಕ್ಕೆ ಬರೆದಿಡುವುದು ಇಲ್ಲಿ ಹಳೆಯ ರೂಢಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಈಗ ಅದೇ ಕೆಲಸವನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಾಪಕ ಮಾಡುತ್ತದೆ. 15 ನಿಮಿಷಕ್ಕೊಮ್ಮೆ ಲೆಕ್ಕ ಬೆಂಗಳೂರು ಸೇರುತ್ತದೆ.

ಇಂಥ ಮಾಪಕದ ಆಲಿಕೆಯ ಕೆಳಗೆ ಸೀಸಾ ಹಲಗೆಯಂತೆ ವಾಲುವ ಜೋಡಿ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯಡಿ ಬಂದು ನಿಲ್ಲುತ್ತದೆ. ವಾಲುವಾಗ ಬಟ್ಟಲಿಗೆ ಅಂಟಿಸಿದ ಪುಟ್ಟ ಅಯಸ್ಕಾಂತ ‘ರೀಡ್ ಸ್ವಿಚ್’ ಪಕ್ಕದಲ್ಲಿ ಹಾದುಹೋಗುತ್ತದೆ. ಗಾಜಿನ ನಳಿಕೆಯೊಳಗೆ ಕೂದಲೆಳೆಯಷ್ಟು ಅಂತರದಲ್ಲಿರುವ ಎರಡು ಲೋಹದ ಪಟ್ಟಿಗಳು ಆ ಸೆಳೆತಕ್ಕೆ ಒಂದನ್ನೊಂದು ಮುಟ್ಟಿ ಬಿಡುತ್ತವೆ. ಅಷ್ಟೇ, ಒಂದು ಎಣಿಕೆ. ಬಟ್ಟಲಿನ ಅಳತೆ 0.2 ಮಿ.ಮೀ. ಎಂದಾದರೆ ಒಂದು ಇಂಚು ಮಳೆಗೆ 127 ಸಲ ಹೀಗಾಗಬೇಕು.

ಅಮೆರಿಕದ ಬೆಲ್ ಪ್ರಯೋಗಾಲಯದ ವಾಲ್ಟರ್ ಎಲ್‌ವುಡ್ 1936ರಲ್ಲಿ ರೂಪಿಸಿದ ಈ ಸ್ವಿಚ್ ಮಲೆನಾಡಿಗೆಂದೇ ಮಾಡಿದಂತಿದೆ. ಗಾಜಿನೊಳಗೆ ತೇವ ನುಗ್ಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಕಾದು ಕೂರಲು ಕರೆಂಟೂ ಬೇಡ. ಇದನ್ನೇ ಇನ್ನಷ್ಟು ಕುಗ್ಗಿಸಿ, ಚಿಪ್ ತಯಾರಿಸುವ ವಿಧಾನದಲ್ಲಿ ಒಂದೆರಡು ಮಿಲಿಮೀಟರಿನೊಳಗೆ ಕೂರಿಸಿದ ಸೂಕ್ಷ್ಮ ಸ್ವಿಚ್‌ಗಳೂ ಈಗ ಬಂದಿವೆ.

ಆದರೆ ಮಾಪಕ ಸೋಲುವುದು ಅಯಸ್ಕಾಂತದಿಂದಲ್ಲ, ಕಸದಿಂದ. ಒಂದು ಸಿಲ್ವರ್ ಓಕ್ ಎಲೆ ಆಲಿಕೆಗೆ ಅಡ್ಡ ಬಿದ್ದರೆ, ಜೇಡ ಬಲೆ ಕಟ್ಟಿದರೆ, ಎಂಥ ಸ್ವಿಚ್ಚಾದರೂ ಏನು ಎಣಿಸೀತು? ಆಷಾಢದ ಜಡಿಮಳೆಯಲ್ಲಿ ಬಟ್ಟಲು ವಾಲುವ ಅರೆಗಳಿಗೆಯಲ್ಲಿ ಬೀಳುವ ನೀರೂ ಲೆಕ್ಕ ತಪ್ಪುತ್ತದೆ. ಹಾಗಾಗಿ ಮಳೆ ಬಿರುಸಾದಷ್ಟೂ ಮಾಪಕ ಕಡಿಮೆ ತೋರಿಸುತ್ತದೆ. ಆಗಾಗ ಅಳತೆ ಸರಿಪಡಿಸುವುದು ಇದಕ್ಕೆ ಮದ್ದು.

ಇದು ಬರೀ ಕುತೂಹಲದ ಲೆಕ್ಕವಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಇಂಚಿನಷ್ಟು ಬಿದ್ದರೆ ರೊಬಸ್ಟಾ ಸೊಗಸಾಗಿ ಅರಳುತ್ತದೆ, ಹತ್ತಿಪ್ಪತ್ತು ಸೆಂಟ್ಸ್‌ಗೇ ನಿಂತರೆ ಮೊಗ್ಗು ಕೆಡುತ್ತದೆ. ಮಲೆನಾಡಿನ ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯ ಹಣ ನಿಂತಿರುವುದೂ ಮಾಪಕದ ಅಂಕಿಯ ಮೇಲೆಯೇ. ಇನ್ನು 2024ರ ಜುಲೈನಲ್ಲಿ ಎಡಕುಮರಿ–ಕಡಗರವಳ್ಳಿ ನಡುವೆ ರೈಲು ಹಳಿಯಡಿಯ ಮಣ್ಣೇ ಜಾರಿದ ಘಾಟಿಯಲ್ಲಿ, ಗುಡ್ಡದ ಮೇಲೆ ಎಷ್ಟು ಸುರಿಯಿತೆಂಬ ಸುದ್ದಿ ಹೊತ್ತಿಗೆ ಸರಿಯಾಗಿ ಸಿಗಲೇಬೇಕು.

ಹೊಸ ಮಾಪಕ ಕೊಳ್ಳುವ ಮಾತು ಆಮೇಲಿರಲಿ. ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲೇ, ಪ್ರತಿ ಮಾಪಕವನ್ನೂ ತೊಳೆದು, ಅಳತೆ ನೀರು ಸುರಿದು ಪರೀಕ್ಷಿಸಿ, ಆ ದಿನಾಂಕವನ್ನು ಅದರ ಮೇಲೆಯೇ ಬರೆಯಬೇಕು. ಮಳೆಗಾಲದುದ್ದಕ್ಕೂ ವಾರಕ್ಕೊಮ್ಮೆ ಕಸ ತೆಗೆಯುವ ಹೊಣೆಯನ್ನು ಪಂಚಾಯಿತಿ ಒಬ್ಬರಿಗೆ ವಹಿಸಬೇಕು. ಬೆಳೆಗಾರರೂ ತಮ್ಮ ಪುಸ್ತಕದ ಲೆಕ್ಕವನ್ನು ಸರ್ಕಾರದ ಅಂಕಿಯ ಜೊತೆ ತಾಳೆ ನೋಡಿ, ವ್ಯತ್ಯಾಸ ಕಂಡರೆ ಆ ವಾರವೇ ದೂರು ಕೊಡಲಿ.