ಮನುಷ್ಯ ಮುಟ್ಟದ ಕಮರಿಯಂತೆ!

‘ಮನುಷ್ಯನ ಕೈ ಸೋಕದ ಅಪ್ಪಟ ಪ್ರಕೃತಿ’. ಪ್ರವಾಸದ ಬಗ್ಗೆ ಬರೆಯೋ ಬ್ಲಾಗಿಗ ಮಿತ್ರರೇ, ಈ ಸಾಲನ್ನ ದಯವಿಟ್ಟು ಅಟ್ಟಕ್ಕೆ ಹಾಕಿ ಕಣ್ರೀ. ಕ್ರೀಟ್ ದ್ವೀಪದ ಸಮಾರಿಯಾ ಕಮರಿಯಲ್ಲಿ ನಡೆದು ಬಂದ ಮೇಲೆ ಇದನ್ನ ಎಲ್ಲಿ ಓದಿದರೂ ನನಗೆ ಮೈ ಉರಿಯುತ್ತೆ.

ಜಾಗ ಚೆನ್ನಾಗಿಲ್ಲ ಅಂತಲ್ಲ. ಒಮಾಲೋಸ್ ಪ್ರಸ್ಥಭೂಮಿಯ ಅಂಚಿನಲ್ಲಿ, ಸುಮಾರು 1,200 ಮೀಟರ್ ಎತ್ತರದಲ್ಲಿ ಇಳಿಯೋಕೆ ಶುರು ಮಾಡಿದರೆ ಸುಮಾರು 16 ಕಿ.ಮೀ. ನಡೆದು ಲಿಬಿಯನ್ ಸಮುದ್ರದ ದಡ ಸೇರಬೇಕು. ಸುಣ್ಣಕಲ್ಲಿನ ಬೆಟ್ಟವನ್ನ ನೀರು ಕೊರೆದೂ ಕರಗಿಸಿಯೂ ಮಾಡಿದ ದಾರಿ ಅದು. ‘ಪೋರ್ಟೆಸ್’ ಅನ್ನೋ ಕಡೆ ಎರಡು ಗೋಡೆಗಳ ನಡುವೆ 3-4 ಮೀಟರ್ ಜಾಗ, ತಲೆ ಎತ್ತಿದರೆ ಸುಮಾರು 300 ಮೀಟರ್ ಬರೀ ಕಲ್ಲು. ಕತ್ತು ನೋಯೋವರೆಗೂ ನೋಡ್ತಾ ನಿಂತಿದ್ದೆ.

ಆದರೆ ಕಮರಿಯ ನಡುವೆ ಸಮಾರಿಯಾ ಅನ್ನೋ ಊರೇ ಇದೆ. ಕಲ್ಲಿನ ಮನೆಗಳು, ಎಣ್ಣೆ ಗಾಣ, ಹತ್ತಿರದಲ್ಲೇ 14ನೇ ಶತಮಾನದ ಒಂದು ಪುಟ್ಟ ಚರ್ಚು. ಊರಿಗೂ ಕಮರಿಗೂ ಹೆಸರು ಬಂದಿದ್ದೇ ಆ ಚರ್ಚಿನ ಸಂತ ಮರಿಯಾಳಿಂದ. ಎಲ್ಲಾ ಇದೆ, ಜನ ಮಾತ್ರ ಇಲ್ಲ. 1962ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದಾಗ ಉಳಿದಿದ್ದವರನ್ನ ಎಬ್ಬಿಸಿ ಬೇರೆ ಕಡೆ ಕಳಿಸಿದರು. ಈಗ ಅವರ ಅಂಗಳದಲ್ಲಿ ನಮ್ಮಂಥವರು ಬುತ್ತಿ ಬಿಚ್ಚಿಕೊಂಡು ಕೂರ್ತೀವಿ. ನಾವು ಇಳಿದು ಬರೋ ಜಾಗದ ಹೆಸರು ‘ಕ್ಸಿಲೋಸ್ಕಾಲೋ’, ಅಂದರೆ ಮರದ ಮೆಟ್ಟಿಲು. ಮರದ ಮೆಟ್ಟಿಲು ತಾನಾಗಿ ಬೆಳೆಯುತ್ತಾ?

ಇನ್ನೊಂದು ತಮಾಷೆ ಕೇಳಿ. ಈ ಉದ್ಯಾನ ಮಾಡಿದ್ದೇ ಮುಖ್ಯವಾಗಿ ‘ಕ್ರಿ-ಕ್ರಿ’ ಅನ್ನೋ ಕಾಡು ಆಡನ್ನ ಉಳಿಸೋಕೆ. ಆ ಆಡಿನ ಪೂರ್ವಜರನ್ನ ಸಾವಿರಾರು ವರ್ಷಗಳ ಹಿಂದೆ ದೋಣಿಯಲ್ಲಿ ದ್ವೀಪಕ್ಕೆ ತಂದವರು ಮನುಷ್ಯರೇ ಅಂತಾರೆ ವಿಜ್ಞಾನಿಗಳು. ಮನುಷ್ಯ ತಂದ ಆಡು ‘ಅಪ್ಪಟ ಪ್ರಕೃತಿ’, ಆಡು ತಂದ ಮನುಷ್ಯ ಮಾತ್ರ ಒತ್ತುವರಿದಾರ!

‘ಹಾಗಾದರೆ ಆಡು ಸಾಯಲಿ ಅಂತೀರಾ?’ ಅಂತ ಕೇಳಬೇಡಿ. ಬೇಟೆ ನಿಲ್ಲಿಸಿದ್ದು ಸರಿ, ಅದರಿಂದಲೇ ಆಡು ಉಳಿಯಿತು. ಆದರೆ ಬೇಟೆ ನಿಲ್ಲಿಸೋಕೆ ಊರು ಖಾಲಿ ಮಾಡಿಸಲೇಬೇಕಿತ್ತಾ? ನಾಲ್ಕು ಮನೆಯವರ ಒಲೆಯ ಹೊಗೆ ತಡೆಯದ ಕಮರಿ, ಬೇಸಿಗೆಯಲ್ಲಿ ದಿನಕ್ಕೆ ಸಾವಿರಕ್ಕೂ ಮೀರಿದ ಪ್ರವಾಸಿಗರ ಬೂಟು ತಡೆಯುತ್ತೆ ಅಂದರೆ ಅದ್ಯಾವ ಲೆಕ್ಕ? ಟಿಕೆಟ್ ತಗೊಂಡವನು ಅತಿಥಿ, ಹುಟ್ಟಿ ಬೆಳೆದವನು ತೊಂದರೆ.

ಕ್ರೀಟ್ ನಮಗೇಕೆ ಅಂತೀರಾ? ನಾಗರಹೊಳೆಯಲ್ಲೂ ಇದೇ ಕಥೆ ತಾನೇ. ದಶಕಗಳ ಹಿಂದೆ ಎಬ್ಬಿಸಿದ್ದ ಜೇನು ಕುರುಬ ಕುಟುಂಬಗಳು 2025ರ ಮೇ ತಿಂಗಳಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯನ್ನ ಮುಂದಿಟ್ಟುಕೊಂಡು, ತಮ್ಮ ಹಾಡಿಯ ಜಾಗಕ್ಕೆ ವಾಪಸು ಹೋದವು. ನಾವು ಸಫಾರಿ ಜೀಪಿನಲ್ಲಿ ಕೂತು ‘ನಿರ್ಜನ ಕಾಡು’ ಅಂತ ಬರೆದಾಗಲೆಲ್ಲ, ಅಂಥವರು ಅಲ್ಲಿ ಇರಲೇ ಇಲ್ಲ ಅಂತ ಸಾಕ್ಷಿ ಹೇಳಿದ ಹಾಗಾಗುತ್ತೆ.

ಅದಕ್ಕೇ ಹೇಳೋದು, ಹೋಗಿ, ನಡೆಯಿರಿ, ಫೋಟೋನೂ ಹಾಕಿ. ಜೊತೆಗೆ ಆ ಕಾಲುದಾರಿ ಯಾರ ಕಾಲಿನಿಂದ ಆಯ್ತು, ಅವರೀಗ ಎಲ್ಲಿದ್ದಾರೆ ಅಂತ ಎರಡು ಸಾಲು ಬರೆಯಿರಿ.

ಏನಂತೀರಿ?