ಗಾಲಿ ದೊಡ್ಡದು, ಸಸ್ಪೆನ್ಷನ್ ಕಂಪನಿದೇ: ಥಾರ್, ಬೊಲೆರೊ ಮಾಲೀಕರು ಮಾಡಬೇಕಾದ ಲೆಕ್ಕ

ಸಿಂಧನೂರು: ಭತ್ತದ ಸೀಮೆಯಲ್ಲಿ ದೊಡ್ಡ ಗಾಲಿಗೆ ಮೊದಲಿನಿಂದಲೂ ಮರ್ಯಾದೆ. ಟ್ರ್ಯಾಕ್ಟರಿನ ಹಿಂದಿನ ಗಾಲಿ ನೋಡಿಯೇ ಇಲ್ಲಿ ಗಾಡಿಯ ತಾಕತ್ತು ಅಳೆಯುತ್ತಾರೆ. ಈಗ ಅದೇ ಕಣ್ಣು ಜೀಪಿನ ಮೇಲೆ ಬಿದ್ದಿದೆ. ಥಾರ್, ಬೊಲೆರೊ ತಗೊಂಡವರು ಟೈರ್ ಅಂಗಡಿ ಮುಂದೆ ನಿಂತಾಗ ಕೇಳುವ ಮಾತು, "ಒಂದು ಸೈಜ್ ದೊಡ್ಡದು ಹಾಕ್ರಿ, ಗಾಡಿ ಎತ್ತರ ಕಾಣ್ಬೇಕು." ಸಸ್ಪೆನ್ಷನ್ ಮಾತ್ರ ಕಂಪನಿ ಕೊಟ್ಟದ್ದೇ ಇರಲಿ, ಅದಕ್ಕೆ ಖರ್ಚು ಬೇಡ ಎಂಬುದು ಲೆಕ್ಕ.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ರಸ್ತೆ ಮತ್ತು ನೆಲದ ಮೇಲೆ ಈ ಲೆಕ್ಕ ಹೊಂದುತ್ತದೆಯೇ?

ಟ್ರ್ಯಾಕ್ಟರ್ ಬೇರೆ, ಜೀಪ್ ಬೇರೆ

ಟ್ರ್ಯಾಕ್ಟರಿಗೆ ಹಿಂದೆ ಸ್ಪ್ರಿಂಗೇ ಇರಲ್ಲ. ಗಾಳಿ ತುಂಬಿದ ದೊಡ್ಡ ಟೈರೇ ಅದರ ಸ್ಪ್ರಿಂಗ್. ಗೇರ್ ಬಾಕ್ಸ್ ನಿಧಾನಕ್ಕೆ ಎಳೆಯಲೆಂದೇ ಮಾಡಿದ್ದು, ಗಾಲಿಯ ಸುತ್ತ ಜಾಗವೂ ಬೇಕಾದಷ್ಟು. ಜೀಪಿನಲ್ಲಿ ಹಾಗಿಲ್ಲ. ಗಾಲಿ ಒಂದು ಕಮಾನಿನ ಒಳಗೆ ಮೇಲೆ ಕೆಳಗೆ ಆಡಬೇಕು, ಮುಂದಿನದು ಎಡಕ್ಕೆ ಬಲಕ್ಕೆ ತಿರುಗಲೂ ಬೇಕು. ಅದಕ್ಕೆ ಎಷ್ಟು ಜಾಗ ಬೇಕೋ ಅಷ್ಟನ್ನೇ ಕಂಪನಿ ಬಿಟ್ಟಿರುತ್ತದೆ. ಅದೇ ಗಾಡಿ ಬೆಳಿಗ್ಗೆ ಹೊಲದ ರಾಡಿಯಲ್ಲಿ ಓಡಿ, ಮಧ್ಯಾಹ್ನ ಲಿಂಗಸುಗೂರು–ಮಸ್ಕಿ–ಸಿಂಧನೂರು ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ 80ರ ವೇಗದಲ್ಲಿ ಓಡಬೇಕು.

ಸಿಗೋದು ಎಷ್ಟು?

2020ರಲ್ಲಿ ಬಂದ ಥಾರ್‌ನ ಎಲ್‌ಎಕ್ಸ್ ಮಾದರಿಗೆ ಕಂಪನಿ ಕೊಟ್ಟ ಟೈರ್ 255/65 ಆರ್18. ಇದರ ಎತ್ತರ ಸುಮಾರು 789 ಮಿ.ಮೀ., ಅಂದರೆ 31 ಇಂಚು. ಇದರ ಬದಲು 33 ಇಂಚಿನ ಟೈರ್ ಹಾಕಿಸಿದ್ರೆ ಎತ್ತರ 838 ಮಿ.ಮೀ. ಆಗುತ್ತದೆ. ಹೆಚ್ಚಾದದ್ದು 49 ಮಿ.ಮೀ. ಆದರೆ ಗಾಡಿ ಮೇಲೇರುವುದು ಅದರ ಅರ್ಧ ಮಾತ್ರ. ಉಳಿದರ್ಧ ಅಚ್ಚಿನ ಮೇಲ್ಭಾಗಕ್ಕೆ ಹೋಗಿ ಗಾಲಿ ಕಮಾನಿನ ಜಾಗ ತಿನ್ನುತ್ತದೆ. ಅಂದರೆ ನೆಲದಿಂದ ಸಿಕ್ಕ ಲಾಭ ಸುಮಾರು 25 ಮಿ.ಮೀ., ಒಂದು ಇಂಚು.

ಬೊಲೆರೊದಲ್ಲಿ ಸಾಮಾನ್ಯವಾಗಿ ಬರುವ 215/75 ಆರ್15 ತೆಗೆದು 235/75 ಆರ್15 ಹಾಕಿಸಿದವರಿಗೆ ಸಿಗುವುದು ಇನ್ನೂ ಕಡಿಮೆ, 15 ಮಿ.ಮೀ. ಹೆಬ್ಬೆರಳಿನ ಅಗಲವೂ ಇಲ್ಲ.

ಕೊಡೋದು ಎಷ್ಟು?

ಮೊದಲನೆಯದು ಮೀಟರ್. 31ರಿಂದ 33 ಇಂಚಿಗೆ ಹೋದರೆ ಗಾಲಿ ಒಂದು ಸುತ್ತಿಗೆ ಶೇ 6ರಷ್ಟು ಹೆಚ್ಚು ದೂರ ಓಡುತ್ತದೆ. ಮೊದಲು ಮೀಟರ್ 80 ತೋರಿಸಿದಾಗ ಇದ್ದ ವೇಗಕ್ಕಿಂತ ಈಗ ಸುಮಾರು 5 ಕಿ.ಮೀ. ಹೆಚ್ಚು ವೇಗದಲ್ಲಿ ಗಾಡಿ ಇರುತ್ತದೆ, ಮುಳ್ಳು ಮಾತ್ರ 80ರಲ್ಲೇ ನಿಂತಿರುತ್ತದೆ. ಬ್ರೇಕ್ ಹೀರಬೇಕಾದ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ ಅದು ಶೇ 13ರಷ್ಟು ಹೆಚ್ಚಾಗುತ್ತದೆ. ಬ್ರೇಕ್ ಡಿಸ್ಕ್ ಮಾತ್ರ ಹಳೇದೇ. ಟೈರಿನ ತೂಕವೂ ಹೆಚ್ಚಿದ್ದರೆ ಅದನ್ನು ನಿಲ್ಲಿಸುವ ಹೊರೆ ಬೇರೆ. ಸುಗ್ಗಿ ಕಾಲದಲ್ಲಿ ಹೆದ್ದಾರಿ ಮೇಲೆ ಭತ್ತ ಹೊತ್ತ ಟ್ರ್ಯಾಕ್ಟರ್ ಟ್ರೇಲರ್ ಹಿಂದಿನ ಲೈಟಿಲ್ಲದೆ ಎದುರಾದಾಗ ಈ ಲೆಕ್ಕ ಕಾಗದದ ಮೇಲೆ ಉಳಿಯುವುದಿಲ್ಲ.

ಎರಡನೆಯದು ಗೇರ್. ದೊಡ್ಡ ಗಾಲಿ ಅಂದರೆ ಎಲ್ಲ ಗೇರೂ ಸ್ವಲ್ಪ ಸ್ವಲ್ಪ ಮೇಲಿನ ಗೇರ್ ಆದಂತೆ. ರಾಡಿಯಲ್ಲಿ ಸಿಕ್ಕಾಗ ಮೊದಲ ಗೇರಿನಲ್ಲಿ ಎಳೆಯುವ ಬಲ ಕಡಿಮೆಯಾಗುತ್ತದೆ, ಡ್ರೈವರ್ ಹಾಫ್ ಕ್ಲಚ್ ಹಿಡಿಯುತ್ತಾನೆ, ಕ್ಲಚ್ ಪ್ಲೇಟ್ ಸವೆಯುತ್ತದೆ. ರಾಡಿ ದಾಟಲೆಂದು ಹಾಕಿಸಿದ ಟೈರೇ ರಾಡಿಯಲ್ಲಿ ಎಂಜಿನಿಗೆ ಭಾರವಾಗುತ್ತದೆ.

ಮೂರನೆಯದು ಉಜ್ಜಾಟ. ಖಾಲಿ ಗಾಡಿಯನ್ನು ಅಂಗಡಿ ಮುಂದಿನ ಸಪಾಟು ನೆಲದಲ್ಲಿ ತಿರುಗಿಸಿ "ಎಲ್ಲೂ ತಾಗಲ್ಲ" ಅಂದರೆ ನಂಬುವಂತಿಲ್ಲ. ಆರು ಜನ ಕೂತು, ಹಿಂದೆ ಎರಡು ಚೀಲ ಗೊಬ್ಬರ ಇಟ್ಟು, ಕಾಲುವೆ ದಂಡೆಯಿಂದ ಹೊಲಕ್ಕೆ ಇಳಿಯುವಾಗ ಸ್ಪ್ರಿಂಗ್ ಪೂರ್ತಿ ಕುಗ್ಗುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿರುತ್ತದೆ. ಟೈರ್ ಕಮಾನಿಗೆ ಉಜ್ಜುವುದು ಆಗ. ಸ್ಟೇರಿಂಗ್ ಅರ್ಧಕ್ಕೇ ಹಿಡಿದುಕೊಂಡರೆ, ಒಂದು ಕಡೆ ನೀರು ತುಂಬಿದ ಕಾಲುವೆ ಇರುವ ದಂಡೆ ರಸ್ತೆಯಲ್ಲಿ ಏನಾಗಬಹುದು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯದು ಸ್ಟೆಪ್ನಿ. ಥಾರ್‌ನಲ್ಲಿ ಅದು ಹಿಂದಿನ ಬಾಗಿಲ ಮೇಲೆ ತೂಗುತ್ತದೆ. ದೊಡ್ಡದು ಹಾಕಿದರೆ ಬಾಗಿಲ ಕೀಲಿಗೆ ಭಾರ. ಹಳೇದನ್ನೇ ಬಿಟ್ಟರೆ, ಪಂಕ್ಚರ್ ಆದ ದಿನ ಒಂದು ಗಾಲಿ ಸಣ್ಣದು, ಮೂರು ದೊಡ್ಡವು. ಹಾಗೆ ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿ ಓಡಿಸಿದರೆ ಟ್ರಾನ್ಸ್‌ಫರ್ ಕೇಸಿಗೇ ಪೆಟ್ಟು.

ನೆಲ ಒಂದೇ ತರ ಇಲ್ಲ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಎರೆ ಮಣ್ಣು ಮಳೆ ಬಿದ್ದರೆ ಅಂಟು. ಟೈರಿನ ಹಲ್ಲುಗಳ ನಡುವೆ ಮೆತ್ತಿಕೊಂಡು ನಾಲ್ಕು ಸುತ್ತಿಗೆ ಟೈರನ್ನು ನುಣ್ಣಗೆ ಮಾಡಿಬಿಡುತ್ತದೆ. ಇಲ್ಲಿ ಗಾತ್ರಕ್ಕಿಂತ ಹಲ್ಲಿನ ಆಳ ಮತ್ತು ಹಲ್ಲುಗಳ ನಡುವಿನ ಅಂತರ ಮುಖ್ಯ. ಲಿಂಗಸುಗೂರು, ಮುದಗಲ್ ಕಡೆಯ ಕಲ್ಲು ನೆಲದಲ್ಲಿ ಒಂದು ಇಂಚಿನ ಎತ್ತರಕ್ಕೆ ಬೆಲೆ ಇದೆ, ಆದರೆ ಅಲ್ಲಿ ಅದಕ್ಕಿಂತ ಬೇಕಾದದ್ದು ಪಕ್ಕ ಗಟ್ಟಿಯಿರುವ ಟೈರ್. ಮಸ್ಕಿ ಹಳ್ಳ ಉಕ್ಕಿದಾಗ ಮಾತ್ರ ಯಾವ ಟೈರೂ ಕೆಲಸಕ್ಕೆ ಬರಲ್ಲ. ಥಾರ್‌ಗೆ ಕಂಪನಿ ಹೇಳುವ ನೀರಿನ ಮಿತಿ 650 ಮಿ.ಮೀ., ಅದೂ ನಿಂತ ನೀರಿನ ಮಾತು. ಹರಿಯುವ ನೀರಿಗೆ ದೊಡ್ಡ ಟೈರ್ ಇನ್ನಷ್ಟು ತೇಲುವ ಅವಕಾಶ ಕೊಡುತ್ತದೆ.

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5 ಸಾವಿರ ರೂ. ದಂಡ, ಅಥವಾ ಎರಡೂ. ಅದೇ ಮಾದರಿಗೆ ಕಂಪನಿಯೇ ಕೊಡುವ ಗಾತ್ರದೊಳಗೆ ಇರುವುದು ಸುರಕ್ಷಿತ ದಾರಿ.

ದಂಡಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ಮಾರ್ಪಾಡು ತಿಳಿಸದೆ ಇದ್ದ ಗಾಡಿ ಅಪಘಾತವಾದರೆ ಸರ್ವೇಯರ್ ಮೊದಲು ನೋಡುವವುಗಳಲ್ಲಿ ಟೈರೂ ಒಂದು. ಕ್ಲೇಮ್ ತಿರಸ್ಕಾರವಾದರೆ ಬ್ಯಾಂಕ್ ಸಾಲದ ಕಂತು ಮಾತ್ರ ನಿಲ್ಲಲ್ಲ. ಸಸ್ಪೆನ್ಷನ್, ಗೇರ್ ಭಾಗಗಳ ವಾರಂಟಿಗೂ ಇದೇ ತಕರಾರು.

ಹಾಗಾದ್ರೆ ಏನು ಮಾಡಬೇಕು?

ಹೊಲಕ್ಕೆ ನಿಜವಾಗಿ ಹೋಗುವವರಿಗೆ ದಾರಿ ಇದೆ. ಗಾತ್ರ ಕಂಪನಿಯದೇ ಇರಲಿ, ಹಲ್ಲು ಬದಲಾಗಲಿ. ಅದೇ ಅಳತೆಯ ಆಲ್ ಟೆರೇನ್ ಟೈರ್ ಹೆದ್ದಾರಿಗೂ ಹೊಲಕ್ಕೂ ನಡೆಯುತ್ತದೆ. ಬರೀ ರಾಡಿಯ ಕೆಲಸವಿದ್ದರೆ ಮಡ್ ಟೆರೇನ್, ಆದರೆ ಟಾರ್ ರಸ್ತೆಯಲ್ಲಿ ಅದರ ಸದ್ದು ಜಾಸ್ತಿ, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ. ರಾಡಿಗೆ ಇಳಿಯುವ ಮುಂಚೆ ಗಾಳಿ 20 ಪಾಯಿಂಟ್ ಆಸುಪಾಸಿಗೆ ಇಳಿಸಿದರೆ ಟೈರ್ ಅಗಲವಾಗಿ ಕೂತು ಹಿಡಿತ ಸಿಗುತ್ತದೆ. ಖರ್ಚು ಏನೂ ಇಲ್ಲ. ಡಾಂಬರು ಹತ್ತುವ ಮೊದಲು ಮತ್ತೆ ತುಂಬಿಸಬೇಕು, ಗಾಡಿಯಲ್ಲಿ ಒಂದು ಸಣ್ಣ ಕಂಪ್ರೆಸರ್ ಇದ್ದರೆ ಸಾಕು.

ಟೈರ್ ಅಂಗಡಿಯವರಿಗೂ ಇಲ್ಲಿ ಪಾಲಿದೆ. ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲಿ ಕಂಪನಿ ಬರೆದ ಗಾತ್ರ ಇರುತ್ತದೆ. ಅದನ್ನು ಗಿರಾಕಿಗೆ ತೋರಿಸಿ, ಐಎಸ್‌ಐ ಗುರುತಿನ ಟೈರನ್ನೇ ಕೊಟ್ಟು, ಗಾತ್ರ ಬರೆದ ಬಿಲ್ ಹರಿದರೆ ನಾಳೆ ತಕರಾರು ಬಂದಾಗ ಅಂಗಡಿಗೂ ರಕ್ಷಣೆ. ಒಂದು ಸೈಜ್ ದೊಡ್ಡ ಟೈರ್ ಮಾರಿ ಸಿಗುವ ಲಾಭ ಒಂದು ದಿನದ್ದು. ಊರಿನ ಗಿರಾಕಿ ಮಾತ್ರ ಮುಂದಿನ ನಾಲ್ಕು ಟೈರಿಗೂ ಅದೇ ಅಂಗಡಿಗೆ ಬರಬೇಕಾದವನು.